ಎನ್‌ಎಸ್‌ಕ್ಯೂಎಫ್ ಲ್ಯಾಬ್‌ಗೆ ಹಣ ಮಂಜೂರಾಗಿದೆ: ಏನು ಕೊಳ್ಳಬೇಕು, ಏನು ಬಿಡಬೇಕು?

ಗ್ರಾಮಾಂತರ_ಮುಖ್ಯಶಿಕ್ಷಕ

ನಮ್ಮದು ಸರ್ಕಾರಿ ಪ್ರೌಢಶಾಲೆ. ಸಮಗ್ರ ಶಿಕ್ಷಣ ಯೋಜನೆಯ ವೃತ್ತಿಶಿಕ್ಷಣ ಘಟಕದಡಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಪ್ರಕಾರ ಎರಡು ವಿಷಯ ಮಂಜೂರಾಗಿವೆ: ಆಟೊಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಅಂಡ್ ಹಾರ್ಡ್‌ವೇರ್. 9ನೇ ತರಗತಿಯಿಂದ ಶುರು, ಒಂದೊಂದಕ್ಕೆ 40 ಮಕ್ಕಳು. ಖಾಲಿ ಇರುವುದು 20 ಅಡಿಗೆ 30 ಅಡಿಯ ಒಂದೇ ಕೊಠಡಿ, ಒಂದೇ ಫೇಸ್ ಕರೆಂಟು. ಸಲಕರಣೆಗೆ ಒಂದು ಮೊತ್ತ, ಕಚ್ಚಾಸಾಮಗ್ರಿಗೆ ಬೇರೊಂದು ಮೊತ್ತ ಎಂದು ಆದೇಶದಲ್ಲಿದೆ.

ಸರಬರಾಜುದಾರರು ಆಗಲೇ ಬಂದು ಹೋಗಿದ್ದಾರೆ. ಅರ್ಧ ಕೊಯ್ದು ಬಣ್ಣ ಬಳಿದ ಎಂಜಿನ್ ಮಾಡೆಲ್, ಗೋಡೆಗೆ ಫ್ಲೆಕ್ಸ್ ಚಾರ್ಟು, ದೊಡ್ಡ ಪ್ಯಾನಲ್ ಬೋರ್ಡು ಎಲ್ಲ ಸೇರಿದ 'ಪೂರ್ತಿ ಲ್ಯಾಬ್ ಪ್ಯಾಕೇಜ್' ಕೊಡುತ್ತೇವೆ ಅನ್ನುತ್ತಿದ್ದಾರೆ. ನೋಡಲು ಚೆನ್ನಾಗಿದೆ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೂ ಹಿಡಿಸಿದೆ. ಆದರೆ ಪಕ್ಕದ ತಾಲ್ಲೂಕುಗಳಲ್ಲಿ ಇಂಥ ಲ್ಯಾಬ್‌ಗಳಿಗೆ ಬೀಗ ಬಿದ್ದಿರುವುದೂ ಗೊತ್ತು. ಹಣ ಹೇಗೆ ಹಂಚಬೇಕು? ಕಾಗದಪತ್ರದಲ್ಲಿ ಎಲ್ಲಿ ಎಡವುತ್ತಾರೆ? ಮಕ್ಕಳ ಸುರಕ್ಷತೆಗೆ ಮೊದಲು ಏನು ಬೇಕು? ಕೆಲಸ ಬಲ್ಲವರು ವಿವರವಾಗಿ ತಿಳಿಸಿ.

ಜಮಾ_ಖರ್ಚು

ಕಾಗದದ ಕಡೆಯಿಂದ ಉತ್ತರಿಸುತ್ತೇನೆ, ಏಕೆಂದರೆ ಅರ್ಧ ಲ್ಯಾಬ್‌ಗಳು ನಿಲ್ಲುವುದು ಅಲ್ಲೇ.

ಈ ಯೋಜನೆಯಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ರಾಜ್ಯ ವಾರ್ಷಿಕ ಕಾರ್ಯಯೋಜನೆ ಮತ್ತು ಆಯವ್ಯಯ ಕಳಿಸುತ್ತದೆ, ದೆಹಲಿಯ ಯೋಜನಾ ಅನುಮೋದನಾ ಮಂಡಳಿ ಒಪ್ಪುತ್ತದೆ, ಆಮೇಲೆ ಕಂತುಗಳಲ್ಲಿ ಬಿಡುಗಡೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಮೇಲೆ ಹೋಗದಿದ್ದರೆ ಮುಂದಿನದು ತಡ. ಹೀಗಾಗಿ ಜೂನ್‌ನಲ್ಲಿ ತರಗತಿ ಶುರುವಾದರೂ ಖರ್ಚಿನ ಮಿತಿ (ಶಾಲೆ ಖರ್ಚು ಮಾಡಬಹುದಾದ ಮೊತ್ತ) ಶಾಲೆಯ ಖಾತೆಯಲ್ಲಿ ತೋರುವ ಹೊತ್ತಿಗೆ ವರ್ಷ ಅರ್ಧ ಕಳೆದಿರುವುದುಂಟು. ಮಾರ್ಚ್ 31 ದಾಟಿದರೆ ಮಿತಿ ವಾಪಸ್. ಕೊನೆಯ ಎರಡು ವಾರದಲ್ಲಿ ಕೈಗೆ ಸಿಕ್ಕ ಪ್ಯಾಕೇಜ್ ಕೊಳ್ಳುವ ಚಟ ಹುಟ್ಟುವುದು ಹೀಗೆ.

ಹಾಗಾಗಿ ಹಣ ತೋರುವ ಮೊದಲೇ ನಾಲ್ಕು ಕೆಲಸ ಮುಗಿಸಿಟ್ಟುಕೊಳ್ಳಿ. ಬೇಕಾದ ಸಾಮಾನಿನ ಪಟ್ಟಿ, ಪ್ರತಿಯೊಂದಕ್ಕೂ ಅಳತೆ ಮತ್ತು ಐಎಸ್ (ಭಾರತೀಯ ಮಾನಕ) ಸಂಖ್ಯೆ ಸಮೇತ. ಆ ಪಟ್ಟಿಗೆ ಎಸ್‌ಡಿಎಂಸಿ ನಡಾವಳಿ. ಖರೀದಿ ಸಮಿತಿ ರಚನೆ. ಜೆಮ್‌ನಲ್ಲಿ (ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆ) ಕೊಳ್ಳಬೇಕೋ, ಮೂರು ಕೊಟೇಶನ್ ಸಾಕೋ, ಕೆಟಿಪಿಪಿ ಕಾಯ್ದೆಯ (ರಾಜ್ಯದ ಸರ್ಕಾರಿ ಖರೀದಿ ಕಾಯ್ದೆ) ಮಿತಿಯೊಳಗೆ ಬರುತ್ತದೋ ಎಂಬುದಕ್ಕೆ ಬಿಇಒ ಕಚೇರಿಯಿಂದ ಲಿಖಿತ ಉತ್ತರ. ಬಾಯಿಮಾತು ಆಡಿಟ್‌ನಲ್ಲಿ ನಿಲ್ಲುವುದಿಲ್ಲ.

ಪಾವತಿ ಪಿಎಫ್‌ಎಂಎಸ್‌ನಲ್ಲಾದರೆ (ಸರ್ಕಾರಿ ಹಣದ ಆನ್‌ಲೈನ್ ಪಾವತಿ ವ್ಯವಸ್ಥೆ) ಅಂಗಡಿಯವರ ಹೆಸರು ಬ್ಯಾಂಕ್ ಖಾತೆಯಲ್ಲಿರುವಂತೆಯೇ ಇರಬೇಕು. ಬಿಲ್ಲಿನಲ್ಲಿ 'ಟ್ರೇಡರ್ಸ್', ಖಾತೆಯಲ್ಲಿ ಮಾಲೀಕರ ಸ್ವಂತ ಹೆಸರು ಇದ್ದರೆ ಪರಿಶೀಲನೆಯಲ್ಲೇ ನಿಲ್ಲುತ್ತದೆ. ಮಾರ್ಚ್ ಕೊನೆಯಲ್ಲಿ ಹೀಗಾದರೆ ಸರಿಪಡಿಸಲು ಸಮಯವಿಲ್ಲ. ವೆಂಡರ್ ನೋಂದಣಿ ಮೊದಲೇ ಮಾಡಿಸಿ.

ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ತಿರುಗಿಸಬೇಡಿ. ಮಲ್ಟಿಮೀಟರ್ ಸಲಕರಣೆ, ಅದರ ಫ್ಯೂಸ್ ಕಚ್ಚಾಸಾಮಗ್ರಿ. ದಾಸ್ತಾನು ಪುಸ್ತಕವೂ ಎರಡು: ಬಾಳಿಕೆಯ ವಸ್ತುಗಳಿಗೆ ಒಂದು, ಸವೆಯುವ ವಸ್ತುಗಳಿಗೆ ಒಂದು. ಬಿಲ್ಲಿನ ಹಿಂದೆ ಪುಟ ಸಂಖ್ಯೆ, ಕ್ರಮಸಂಖ್ಯೆ ಬರೆದು ಸಹಿ ಮಾಡಿ. ಒಪ್ಪಂದದ ಮೊತ್ತ 2.5 ಲಕ್ಷ ಮೀರಿದರೆ ಜಿಎಸ್‌ಟಿ ಟಿಡಿಎಸ್ (ಪಾವತಿಯ ಹೊತ್ತಿಗೇ ಮುರಿದುಕೊಳ್ಳುವ ತೆರಿಗೆ) 2% ಕಡಿತವೂ ಬರುತ್ತದೆ, ಅದನ್ನು ಸರಬರಾಜುದಾರರಿಗೆ ಮೊದಲೇ ಹೇಳಿಬಿಡಿ.

ಸ್ಪ್ಯಾನರ್_ಪೆಟ್ಟಿಗೆ

ಆಟೊಮೊಬೈಲ್ ಬಗ್ಗೆ. ಎಂಜಿನ್ ಎಷ್ಟು ಬೇಕು ಎಂದು ಯೋಚಿಸುವ ಮೊದಲು, ಒಂದು ಮಗುವಿನ ಕೈಯಲ್ಲಿ ಸ್ಪ್ಯಾನರ್ ಎಷ್ಟು ನಿಮಿಷ ಇರುತ್ತದೆ ಎಂದು ಲೆಕ್ಕ ಹಾಕಿ. ಜೋಡಿ ಪೀರಿಯಡ್ 80 ನಿಮಿಷ. ಸಾಮಾನು ತೆಗೆದಿಡಲು, ಒರೆಸಿ ಎಣಿಸಿ ಒಳಗಿಡಲು 15 ನಿಮಿಷ ಹೋಯಿತು, ಉಳಿದದ್ದು 65. ಒಂದೇ ಎಂಜಿನ್, 40 ಮಕ್ಕಳು ಎಂದರೆ ತಲೆಗೆ ಒಂದೂವರೆ ನಿಮಿಷ. ಅದೇ ತರಗತಿಯನ್ನು ಎರಡು ಭಾಗ ಮಾಡಿ, 20 ಮಕ್ಕಳಿಗೆ ಐದು ಬೆಂಚು, ಬೆಂಚಿಗೆ ನಾಲ್ವರು ಎಂದಿಟ್ಟರೆ ಒಬ್ಬೊಬ್ಬರಿಗೆ 16 ನಿಮಿಷ. ಬಣ್ಣ ಬಳಿದ ಕಟ್ ಸೆಕ್ಷನ್ ಮಾಡೆಲ್‌ನಲ್ಲಿ ಒಂದು ಬೋಲ್ಟೂ ಬಿಚ್ಚಲಾಗುವುದಿಲ್ಲ. ಅದಕ್ಕೆ ಕೊಡುವ ಹಣದಲ್ಲಿ 100 ಸಿಸಿ ಬೈಕಿನ ಹಳೆಯ ಎಂಜಿನ್‌ಗಳೇ ಹಲವು ಸಿಗುತ್ತವೆ.

ಹಳೆಯ ಎಂಜಿನ್ ತರುವಾಗ ಬಿಲ್ ಸಮೇತ ಎಂಜಿನ್ ಮಾತ್ರ ತನ್ನಿ. ಇಡೀ ಬೈಕ್ ದಾನ ಬಂತೆಂದು ತೆಗೆದುಕೊಂಡರೆ ಆರ್‌ಸಿ (ನೋಂದಣಿ ಪತ್ರ) ರದ್ದಾಗಿದೆಯೇ ಎಂಬ ಪ್ರಶ್ನೆ ಮುಂದೆ ಮುಖ್ಯಶಿಕ್ಷಕರ ತಲೆಗೇ ಬರುತ್ತದೆ. ಐದು ಎಂಜಿನ್ ಒಂದೇ ಮಾದರಿಯವಾಗಿರಲಿ. ಆಗ ಗ್ಯಾಸ್ಕೆಟ್, ಬೋಲ್ಟು, ಸರ್ವಿಸ್ ಮ್ಯಾನುಯಲ್ ಒಂದೇ ಸಾಕು. ಪ್ರತಿ ಎಂಜಿನ್‌ಗೆ 40 ಮಿ.ಮೀ. ಆ್ಯಂಗಲ್ ಕಬ್ಬಿಣದ ಸ್ಟ್ಯಾಂಡ್, ಬುಡಕ್ಕೆ ಅಂಚಿರುವ ತಗಡಿನ ತಟ್ಟೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ.

ಬೆಂಚಿಗೆ ಒಂದು ಸೆಟ್: 6x7ರಿಂದ 20x22ರವರೆಗಿನ ಡಬಲ್ ಎಂಡ್ ಸ್ಪ್ಯಾನರ್, ಅದೇ ಅಳತೆಯ ರಿಂಗ್ ಸ್ಪ್ಯಾನರ್, 8ರಿಂದ 19 ಮಿ.ಮೀ. ಸಾಕೆಟ್‌ಗಳು, ಟಿ ಹಿಡಿ, ನೈಲಾನ್ ಸುತ್ತಿಗೆ, ಸರ್ಕ್ಲಿಪ್ ಪ್ಲೈಯರ್, 16 ಮಿ.ಮೀ. ಪ್ಲಗ್ ಸಾಕೆಟ್, 0.05ರಿಂದ 1 ಮಿ.ಮೀ.ವರೆಗಿನ ಫೀಲರ್ ಗೇಜ್. ಇಡೀ ಲ್ಯಾಬ್‌ಗೆ: 5–25 ನ್ಯೂಟನ್ ಮೀಟರ್ ಮತ್ತು 20–100 ನ್ಯೂಟನ್ ಮೀಟರ್‌ನ ಎರಡು ಟಾರ್ಕ್ ರೆಂಚ್, ನಾಲ್ಕು ವರ್ನಿಯರ್, ಎರಡು ಮೈಕ್ರೊಮೀಟರ್, ಒಂದು ಮ್ಯಾಗ್ನೆಟೊ ಪುಲ್ಲರ್, ಒಂದು ಇಂಪ್ಯಾಕ್ಟ್ ಸ್ಕ್ರೂಡ್ರೈವರ್.

ಕೊನೆಯದನ್ನು ಮಾತ್ರ ಬಿಡಬೇಡಿ. ಜಪಾನ್ ವಿನ್ಯಾಸದ ಎಂಜಿನ್‌ಗಳ ಕವರ್ ಸ್ಕ್ರೂಗಳ ತಲೆ ಜೆಐಎಸ್ (ಜಪಾನ್ ಮಾನಕ) ಆಕಾರದ್ದು. ಸಾಮಾನ್ಯ ಫಿಲಿಪ್ಸ್ ತುದಿ ಅದರೊಳಗೆ ಪೂರ್ತಿ ಕೂರುವುದಿಲ್ಲ. ಮಕ್ಕಳು ಬಲ ಹಾಕಿದ ಕೂಡಲೇ ಜಾರಿ ತಲೆ ತಿಂದುಹೋಗುತ್ತದೆ.

ಇನ್ನೊಂದು ಖಾತ್ರಿ ಆಗುವ ಹಾನಿ: ಅಲ್ಯೂಮಿನಿಯಂ ಕೇಸಿಂಗ್‌ನಲ್ಲಿ ಎಂ6 (6 ಮಿ.ಮೀ.) ಬೋಲ್ಟು ಕೂರುವ ಮರೆ (ತಿರುಪಿನ ಸುತ್ತು) ಕಿತ್ತುಬರುವುದು. ಅದಕ್ಕೆ ಬೇಕಾದ ಬಿಗಿತ ಸುಮಾರು 10 ನ್ಯೂಟನ್ ಮೀಟರ್ ಮಾತ್ರ, ಅಂದರೆ ಬೋಲ್ಟಿನಿಂದ 10 ಸೆಂ.ಮೀ. ದೂರದಲ್ಲಿ 10 ಕೆಜಿ ಎಳೆತ. ಸ್ಪ್ಯಾನರಿನ ತುದಿ ಹಿಡಿದು ಮೈಭಾರ ಹಾಕಿದರೆ ಇದರ ಎರಡು ಮೂರು ಪಟ್ಟು ಆಗುತ್ತದೆ. ಎಂ6x1 ಹೆಲಿಕಾಯಿಲ್ ಕಿಟ್ (ಕಿತ್ತ ಮರೆಯನ್ನು ಸುರುಳಿ ತಂತಿಯಿಂದ ಸರಿಪಡಿಸುವ ಸಾಮಾನು) ಒಂದನ್ನು ಮೊದಲ ಖರೀದಿಯಲ್ಲೇ ಸೇರಿಸಿ, ದುರಸ್ತಿಯನ್ನೂ ಪಾಠವಾಗಿ ಮಾಡಿಸಿ.

ಬಿಎಸ್6 (ವಾಹನ ಹೊಗೆಯ ಮಾನದಂಡ) ಬಂದದ್ದು 2020ರ ಏಪ್ರಿಲ್‌ನಲ್ಲಿ. ಆಮೇಲೆ ತಯಾರಾದ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇರುತ್ತದೆ. ಐದರಲ್ಲಿ ಒಂದು ಬೆಂಚಿಗಾದರೂ ಥ್ರಾಟಲ್ ಬಾಡಿ, ಇಂಜೆಕ್ಟರ್, ಸೆನ್ಸರ್‌ಗಳು, ವೈರಿಂಗ್ ಹಾರ್ನೆಸ್ ಇರಲಿ. ಕಾರ್ಬುರೇಟರ್ ಮಾತ್ರ ಕಲಿತ ಹುಡುಗ ಗ್ಯಾರೇಜಿನಲ್ಲಿ ನೀರು ಹೊಡೆಯುವ ಕೆಲಸಕ್ಕೇ ಉಳಿಯುತ್ತಾನೆ.

ಎಸ್‌ಡಿಎಂಸಿ_ಪಾಲಕಿ

ಮಾಡೆಲ್ ಪೂರ್ತಿ ಬೇಡ ಅನ್ನುವುದು ಸರಿಯೇ? ಕವಾಟ ಹೇಗೆ ತೆರೆಯುತ್ತದೆ, ಪಿಸ್ಟನ್ ಎಲ್ಲಿರುತ್ತದೆ ಎಂದು ಒಳಗೆ ನೋಡದೆ ಮಕ್ಕಳಿಗೆ ತಿಳಿಯುವುದು ಹೇಗೆ? ಹೆಣ್ಣುಮಕ್ಕಳೂ ಆಟೊಮೊಬೈಲ್ ಆರಿಸಿಕೊಂಡಿದ್ದಾರೆ. ಉಡುಪು, ಪೆಟ್ರೋಲು, ಬೆಂಕಿ ಇವುಗಳ ಬಗ್ಗೆ ಯಾರೂ ಹೇಳಲಿಲ್ಲ.

ಸ್ಪ್ಯಾನರ್_ಪೆಟ್ಟಿಗೆ

ಒಳಗೆ ನೋಡಬೇಕು, ಒಪ್ಪುತ್ತೇನೆ. ಕೆಟ್ಟುಹೋದ ಆರನೆಯ ಎಂಜಿನ್ ತೂಕಕ್ಕೆ ತಂದು, ಲೇತ್ ಅಂಗಡಿಯಲ್ಲಿ ಸಿಲಿಂಡರಿಗೆ ಕಿಟಕಿ ಕೊಯ್ಯಿಸಿ, ಅಂಚನ್ನು ಅರದಿಂದ ನುಣುಪು ಮಾಡಿಸಿ. ಕಿಕ್ಕರ್ ಕೈಯಿಂದ ತಿರುಗಿಸಿದರೆ ನಾಲ್ಕು ಸ್ಟ್ರೋಕ್ ಕಾಣುತ್ತದೆ.

ಪೆಟ್ರೋಲ್ ಕೊಠಡಿಯೊಳಗೆ ಬರಲೇಬಾರದು. ಬೆಂಚಿನ ಎಂಜಿನ್‌ಗಳು ಒಣಗಿರಲಿ. ಓಡಿಸಿ ತೋರಿಸಬೇಕಾದ ಒಂದು ವಾಹನವಿದ್ದರೆ ಅದು ಹೊರಗೆ, ಚಾವಣಿಯ ಕೆಳಗೆ, ಬೋಧಕರ ಕೈಯಲ್ಲಿ. ಬಿಡಿಭಾಗ ತೊಳೆಯಲು ಪೆಟ್ರೋಲ್ ಬದಲು ನೀರಿನಲ್ಲಿ ಕರಗುವ ಡಿಗ್ರೀಸರ್ ಸಾಕು. 4 ಕೆಜಿ ಎಬಿಸಿ ಪುಡಿಯ ಅಗ್ನಿಶಾಮಕ ಒಂದು ಬಾಗಿಲ ಬಳಿ (ಒಳಗಿನ ಮೂಲೆಯಲ್ಲಿ ಬೇಡ), ಮರಳಿನ ಬಕೆಟ್ ಎರಡು, ಚೆಲ್ಲಿದ ಎಣ್ಣೆಗೆ ಮರದ ಹೊಟ್ಟು. ಚಪ್ಪಲಿಯಲ್ಲಿ ಒಳಗೆ ಪ್ರವೇಶವಿಲ್ಲ. ಮೊಣಕಾಲಿನವರೆಗಿನ ಡಂಗರಿ ಕೋಟು ದುಪಟ್ಟಾದ ಮೇಲೆಯೇ ಹಾಕಿಕೊಂಡು ಗುಂಡಿ ಹಾಕಬೇಕು. ಜಡೆ ಟೋಪಿಯೊಳಗೆ, ಬಳೆ ಉಂಗುರ ಹೊರಗೆ. ಡ್ರಿಲ್, ಗ್ರೈಂಡರ್ ಹತ್ತಿರ ಕನ್ನಡಕ ಕಡ್ಡಾಯ.

ಎಂಜಿನ್ ಆಯಿಲ್ ಅಭ್ಯಾಸಕ್ಕೆ ಪ್ರತಿ ಸಲ ಹೊಸದು ಬೇಕಿಲ್ಲ. 100 ಸಿಸಿ ಎಂಜಿನ್‌ಗೆ ಒಂದು ಬದಲಾವಣೆಗೆ ಸುಮಾರು 900 ಮಿ.ಲೀ. ಹಿಡಿಯುತ್ತದೆ. ಅದನ್ನೇ ಸೋಸಿ ಮತ್ತೆ ಬಳಸಿದರೆ ಐದು ಬೆಂಚಿಗೆ ವರ್ಷಕ್ಕೆ 10 ಲೀಟರ್ ದಾಟುವುದಿಲ್ಲ. ಸವೆದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಚರಂಡಿಗೂ ಬೇಡ, ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೂ ಬೇಡ. ಡಬ್ಬಿಯಲ್ಲಿ ಕೂಡಿಟ್ಟು, ನೋಂದಾಯಿತ ಮರುಬಳಕೆದಾರರಿಗೆ ಕೊಡುವ ಸರ್ವಿಸ್ ಸೆಂಟರ್‌ಗೆ ಒಪ್ಪಿಸಿ.

ಫೇಸ್_ನ್ಯೂಟ್ರಲ್

ಎಲೆಕ್ಟ್ರಾನಿಕ್ಸ್ ವಿಷಯದ ಉದ್ಯೋಗಪಾತ್ರ (ಮಕ್ಕಳನ್ನು ಸಿದ್ಧಪಡಿಸುವ ಕೆಲಸ) ಗೃಹೋಪಯೋಗಿ ಉಪಕರಣಗಳ ಫೀಲ್ಡ್ ಟೆಕ್ನಿಶಿಯನ್ ಆಗಿದ್ದರೆ, ಮೊದಲ ರೂಪಾಯಿ ಅರ್ಥಿಂಗ್‌ಗೆ ಹೋಗಬೇಕು. ಹಳೆಯ ಶಾಲಾ ಕಟ್ಟಡಗಳಲ್ಲಿ ಮೂರು ರಂಧ್ರದ ಸಾಕೆಟ್ ಇರುತ್ತದೆ, ಮೂರನೆಯ ರಂಧ್ರಕ್ಕೆ ತಂತಿಯೇ ಇರುವುದಿಲ್ಲ. ಐಎಸ್ 3043ರ ಪ್ರಕಾರ ಹೊಸ ಅರ್ಥ್ ಪಿಟ್ ತೆಗೆಸಿ, ಗುತ್ತಿಗೆದಾರರಿಂದ ಅರ್ಥ್ ಟೆಸ್ಟರ್‌ನಲ್ಲಿ ಅಳತೆ ಮಾಡಿಸಿ, 5 ಓಮ್‌ಗಿಂತ ಕಡಿಮೆ ಬಂದ ಮೇಲೆಯೇ ಬಿಲ್ ಪಾಸ್ ಮಾಡಿ. ಬೇಸಿಗೆಯಲ್ಲಿ ಮತ್ತೊಮ್ಮೆ ಅಳೆಯಿರಿ, ಮಣ್ಣು ಒಣಗಿದರೆ ಓಮ್ ಏರುತ್ತದೆ. ಅಭ್ಯಾಸದ ಬೆಂಚುಗಳಿಗೆ ಪ್ರತ್ಯೇಕ ಲೈನ್, ಅದಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್), ಬೆಂಚಿಗೊಂದು 6 ಆಂಪಿಯರ್ ಎಂಸಿಬಿ (ಲೋಡ್ ಮೀರಿದರೆ ಕಡಿಯುವ ಸ್ವಿಚ್). ಎಂಸಿಬಿ ವೈರಿಂಗನ್ನು ಕಾಯುತ್ತದೆ, ಮಗುವನ್ನು ಕಾಯುವುದು ಆರ್‌ಸಿಸಿಬಿ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ದಿನಾಂಕ ಬರೆದಿಡಿ.

ಮೊದಲ ಕೆಲವು ತಿಂಗಳು 230 ವೋಲ್ಟ್ ಬೇಡ. ಸ್ವಿಚ್, ಮೆಟ್ಟಿಲ ಟೂ-ವೇ, ಸೀರೀಸ್, ಪ್ಯಾರಲಲ್ ಎಲ್ಲವೂ 12 ವೋಲ್ಟ್ ಸಪ್ಲೈ ಮತ್ತು 12 ವೋಲ್ಟ್ ಬಲ್ಬಿನಲ್ಲಿ ಅದೇ ರೀತಿ ಕೆಲಸ ಮಾಡುತ್ತವೆ.

ದೊಡ್ಡ ಪ್ಯಾನಲ್ ಬದಲು 2 ಅಡಿಗೆ 3 ಅಡಿಯ 18 ಮಿ.ಮೀ. ಪ್ಲೈವುಡ್ ಬೋರ್ಡು ಹತ್ತು. ಪ್ರತಿಯೊಂದಕ್ಕೂ 6 ಆಂಪಿಯರ್ ಸ್ವಿಚ್ ಎರಡು, ಟೂ-ವೇ ಎರಡು, ಸಾಕೆಟ್ ಒಂದು, ಹೋಲ್ಡರ್ ಎರಡು. ತಂತಿ 1.5 ಚದರ ಮಿ.ಮೀ., ಐಎಸ್ 694 ಗುರುತಿನದು, ಕೆಂಪು ಕಪ್ಪು ಹಸಿರು ತಲಾ 90 ಮೀಟರಿನ ಒಂದು ಸುರುಳಿ. ಬೋರ್ಡಿಗೆ ಬಣ್ಣಕ್ಕೆ 3 ಮೀಟರ್ ಎಂದರೆ ಹತ್ತು ಬೋರ್ಡಿಗೆ 30 ಮೀಟರ್. ಪ್ರತಿ ಅಭ್ಯಾಸಕ್ಕೆ ತುದಿ ಕತ್ತರಿಸಿದರೂ ಅದೇ ತುಂಡು ನಾಲ್ಕೈದು ಸಲ ಬರುತ್ತದೆ. ಸಣ್ಣ ಸ್ಕ್ರೂಗಳ ಹಿತ್ತಾಳೆ ಮರೆ ಬೇಗ ಸವೆಯುವುದರಿಂದ ಸ್ವಿಚ್‌ಗಳನ್ನು ಕಾಲುಭಾಗ ಹೆಚ್ಚು ತನ್ನಿ.

ಮಲ್ಟಿಮೀಟರ್ ಇಬ್ಬರಿಗೊಂದರಂತೆ ಹತ್ತು, ಕ್ಯಾಟ್ 3 (ಸುರಕ್ಷತಾ ದರ್ಜೆ), 600 ವೋಲ್ಟ್ ಗುರುತಿನವು. ಕರೆಂಟ್ ಅಳೆದ ಮೇಲೆ ಕೆಂಪು ತಂತಿಯನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟು ವೋಲ್ಟೇಜ್ ಅಳೆಯಲು ಹೋಗುವುದು ಮಕ್ಕಳ ಸಾಮಾನ್ಯ ತಪ್ಪು. ಅದು ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಆ ದಾರಿಗೆ ಫ್ಯೂಸೇ ಇರುವುದಿಲ್ಲ, ಮೀಟರ್ ಕೈಯಲ್ಲೇ ಸಿಡಿಯುತ್ತದೆ. ಫ್ಯೂಸ್ ಇರುವ ಮೀಟರ್ ಕೊಂಡು, ಬಿಡಿ ಫ್ಯೂಸ್ ಇಪ್ಪತ್ತು ಇಟ್ಟುಕೊಳ್ಳಿ.

ಸೀರೀಸ್ ಲ್ಯಾಂಪ್ ಬೋರ್ಡಿನಿಂದ (ಉಪಕರಣದ ಜೊತೆ ಸಾಲಾಗಿ ಬಲ್ಬು ಜೋಡಿಸಿದ ಬೋರ್ಡು) ಇಸ್ತ್ರಿಪೆಟ್ಟಿಗೆ ಪರೀಕ್ಷಿಸಲು ಎಲ್ಲೆಡೆ ಕಲಿಸುತ್ತಾರೆ. ಅದರಲ್ಲೊಂದು ಮೋಸವಿದೆ. 100 ವ್ಯಾಟ್ ಬಲ್ಬಿನ ಜೊತೆ ಸರಿಯಿರುವ ಇಸ್ತ್ರಿಪೆಟ್ಟಿಗೆ ಇಟ್ಟರೂ ಬಲ್ಬು ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ, ಶಾರ್ಟ್ ಆಗಿದ್ದರೂ ಪೂರ್ತಿ ಉರಿಯುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಪ್ಲಗ್ ಕಿತ್ತು ಓಮ್ ಅಳೆಯಿಸಿ: 1000 ವ್ಯಾಟ್‌ನದು ಸುಮಾರು 53 ಓಮ್, 750 ವ್ಯಾಟ್‌ನದು ಸುಮಾರು 70. ಆಮೇಲೆ ಲೈವ್ ಪಿನ್‌ನಿಂದ ಲೋಹದ ಮೈಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಯಿರಿ, 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಮನೆಗೆ ವಾಪಸ್ ಕೊಡಬಾರದು.

ಬೆಸುಗೆಗೆ ಸೀಸವಿಲ್ಲದ ಸೋಲ್ಡರ್ ಇರಲಿ, ಇವರು 14–15 ವರ್ಷದ ಮಕ್ಕಳು. ಆದರೆ ಅದು ಕರಗುವುದು ಮಿಶ್ರಣಕ್ಕೆ ತಕ್ಕಂತೆ 217–227 ಡಿಗ್ರಿಯಲ್ಲಿ, ಸೀಸದ 60/40ಕ್ಕೆ 190 ಸಾಕು. 25 ವ್ಯಾಟ್‌ನ ಅಗ್ಗದ ಐರನ್ನಿನಲ್ಲಿ ಸೀಸವಿಲ್ಲದ ಬೆಸುಗೆ ಮಂಕಾಗಿ ಬಿರುಕು ಬಿಡುತ್ತದೆ. 60 ವ್ಯಾಟ್‌ನ, ತಾಪ ಹೊಂದಿಸಬಹುದಾದ ಐರನ್ ತೆಗೆದುಕೊಳ್ಳಿ. ಒಬ್ಬರಿಗೆ 100 ಜೋಡಣೆ ಎಂದರೆ 40 ಮಕ್ಕಳಿಗೆ 4000. 1 ಮಿ.ಮೀ. ತಂತಿ, ಜೋಡಣೆಗೆ 1 ಸೆಂ.ಮೀ. ಲೆಕ್ಕದಲ್ಲಿ ಕಾಲು ಕೆಜಿ, ವ್ಯರ್ಥವೂ ಸೇರಿ ಅರ್ಧ ಕೆಜಿ. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಐರನ್ನು, ಮೀಟರು ಅಲ್ಲೇ ಇರಬಹುದು. ಎರಡನೆಯ ಸಲ ಕೊಳ್ಳುವ ಮೊದಲು ಆ ದಾಸ್ತಾನು ನೋಡಿ.

ಗ್ರಾಮಾಂತರ_ಮುಖ್ಯಶಿಕ್ಷಕ

ಎಲ್ಲರಿಗೂ ಧನ್ಯವಾದ. ಪ್ಯಾಕೇಜ್ ಬೇಡವೆಂದು ಎಸ್‌ಡಿಎಂಸಿ ಮುಂದೆ ಈ ಲೆಕ್ಕಗಳನ್ನೇ ಇಡುತ್ತೇನೆ. ಇನ್ನೆರಡು ಸಂಶಯ. ಬೋಧಕರು ಏಜೆನ್ಸಿ ಮೂಲಕ ಬರಬೇಕು, ಅವರು ತಡವಾದರೆ? ಒಂದೇ ಕೊಠಡಿಯಲ್ಲಿ ಎರಡು ಲ್ಯಾಬ್ ಸಾಧ್ಯವೇ?

ಜೆಟಿಎಸ್_ಬೋಧಕ

ಎರಡೂ ಒಂದೇ ಕೊಠಡಿಯಲ್ಲಿ ಬೇಡ. ಎಣ್ಣೆ, ಲೋಹದ ಪುಡಿ ಒಂದು ಕಡೆ, ಮೀಟರು, ಸರ್ಕ್ಯೂಟ್ ಇನ್ನೊಂದು ಕಡೆ ಇರಬೇಕು. ಕೊಠಡಿಯನ್ನು ಎಲೆಕ್ಟ್ರಾನಿಕ್ಸ್‌ಗೆ ಕೊಟ್ಟು, ಆಟೊಮೊಬೈಲ್‌ಗೆ ಹೊರಗೆ ತಗಡಿನ ಚಾವಣಿ ಹಾಕಿಸಿ. ನೆಲಕ್ಕೆ ಕಾಂಕ್ರೀಟು, ಮೂರು ಕಡೆ ಜಾಲರಿ, ಬೀಗವಿರುವ ಕಬ್ಬಿಣದ ಕಪಾಟು ಸಾಕು. ಇದಕ್ಕೆ ಸಲಕರಣೆಯ ಹಣ ಮುಟ್ಟಬೇಡಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಗೆ ಅರ್ಜಿ ಕೊಡಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಾದರೆ ಕೆಕೆಆರ್‌ಡಿಬಿಗೂ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಕೊಡಬಹುದು. ಕಂಪನಿ ಕಾಯ್ದೆ 2013ರ 7ನೇ ಪರಿಶಿಷ್ಟದಲ್ಲಿ ಉದ್ಯೋಗ ಕೌಶಲ ತರಬೇತಿಯೂ ಇದೆ, ಹಾಗಾಗಿ ಹತ್ತಿರದ ಕಾರ್ಖಾನೆಯ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆ) ಹಣ ಕೇಳಲು ಅಡ್ಡಿಯಿಲ್ಲ. ಕೇಳುವಾಗ 'ಲ್ಯಾಬ್ ಕೊಡಿ' ಎನ್ನದೆ, ಚಾವಣಿಯ ಅಳತೆ, ಅಂದಾಜುಪಟ್ಟಿ, ಎಂಜಿನಿಯರ್ ಸಹಿ ಸಮೇತ ಹೋಗಿ.

ಏರ್ ಕಂಪ್ರೆಸರ್ ಪಟ್ಟಿಯಲ್ಲಿದ್ದರೆ ಎಸ್ಕಾಂನಿಂದ ಮಂಜೂರಾದ ಲೋಡ್ ಎಷ್ಟೆಂದು ನೋಡಿ. 2 ಎಚ್‌ಪಿ ಎಂದರೆ 1.5 ಕಿಲೋವ್ಯಾಟ್, ಆದರೆ ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಒಂದೇ ಫೇಸ್‌ನಲ್ಲಿ ಕಂಪ್ಯೂಟರ್ ಕೊಠಡಿಯೂ ಇದ್ದರೆ ಎರಡೂ ಕೈಕೊಡುತ್ತವೆ.

ಬೋಧಕರು ಬರುವವರೆಗೆ ಪಠ್ಯ ನಿಲ್ಲಿಸಬೇಡಿ. ಭೋಪಾಲದ ಪಿಎಸ್‌ಎಸ್‌ಸಿಐವಿಇ (ಕೇಂದ್ರ ವೃತ್ತಿಶಿಕ್ಷಣ ಸಂಸ್ಥೆ) ಪಠ್ಯಕ್ರಮದಲ್ಲಿ ಉದ್ಯೋಗಾರ್ಹತೆ ಕೌಶಲ ಎಂಬ ಭಾಗವಿದೆ: ಸಂವಹನ, ಸ್ವನಿರ್ವಹಣೆ, ಐಸಿಟಿ, ಉದ್ಯಮಶೀಲತೆ, ಹಸಿರು ಕೌಶಲ. ಅದನ್ನು ಇರುವ ಶಿಕ್ಷಕರೇ ಜೂನ್‌ನಿಂದ ಮುಗಿಸಬಹುದು. ಬೋಧಕರು ಬಂದ ಮೇಲೆ ಉಳಿದ ಗಂಟೆಯೆಲ್ಲ ಬೆಂಚಿಗೆ. ವರ್ಷಕ್ಕೆ ಸುಮಾರು 200 ಗಂಟೆ ಎಂದರೆ 40 ವಾರಕ್ಕೆ ವಾರಕ್ಕೆ 5 ಗಂಟೆ. ಬಿಡಿ ಪೀರಿಯಡ್ ಕೊಡದೆ ಜೋಡಿಯಾಗಿಯೇ ಕೊಡಿ.

ಬೋಧಕರ ವೇತನದ ಬಗ್ಗೆ ಮುಖ್ಯಶಿಕ್ಷಕರು ಒಂದು ಕೆಲಸ ಮಾಡಬಹುದು. ಏಜೆನ್ಸಿ ಪ್ರತಿ ತಿಂಗಳು ನಿಮ್ಮಿಂದ ಹಾಜರಾತಿ ದೃಢೀಕರಣ ಕೇಳುತ್ತದೆ. ಅದರ ಜೊತೆ ಹಿಂದಿನ ತಿಂಗಳ ಬ್ಯಾಂಕ್ ಜಮೆ, ಪಿಎಫ್ ಮತ್ತು ಇಎಸ್‌ಐ ಕಟ್ಟಿದ ಚಲನ್ ಪ್ರತಿ ಕೇಳಿ ಕಡತಕ್ಕೆ ಹಾಕಿ. ಬಾಕಿ ಉಳಿದರೆ ಡಿಡಿಪಿಐ ಕಚೇರಿಗೆ ಬರೆಯಲು ಆಧಾರವಿರುತ್ತದೆ. ಆರು ತಿಂಗಳು ಸಂಬಳವಿಲ್ಲದ ಬೋಧಕರಿಂದ ಒಳ್ಳೆಯ ಲ್ಯಾಬ್ ನಿರೀಕ್ಷಿಸುವುದು ಅನ್ಯಾಯ. ಇದನ್ನು ಶಾಲೆಯೂ ತನ್ನ ಜವಾಬ್ದಾರಿಯೆಂದು ನೋಡಬೇಕು.

ಎಸ್‌ಡಿಎಂಸಿ_ಪಾಲಕಿ

ಇದನ್ನು ಆರಿಸಿಕೊಂಡರೆ ಹಿಂದಿ ಬಿಡಬೇಕೇ? ಮುಂದೆ ಪಿಯುಸಿಗೆ ತೊಂದರೆಯೇ? ಪಾಲಕರ ಸಭೆಯಲ್ಲಿ ಇದೇ ಪ್ರಶ್ನೆ.

ಜಮಾ_ಖರ್ಚು

ನಮ್ಮ ರಾಜ್ಯದಲ್ಲಿ ಎನ್‌ಎಸ್‌ಕ್ಯೂಎಫ್ ವಿಷಯ ತೃತೀಯ ಭಾಷೆಯ ಜಾಗದಲ್ಲಿ ಬರುತ್ತದೆ, ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯಲ್ಲೂ ತೃತೀಯ ಭಾಷೆಯ ದಿನವೇ ಅದರ ಪರೀಕ್ಷೆ. ಎಸ್‌ಎಸ್‌ಎಲ್‌ಸಿ ಪಾಸಾದ ಮಗುವಿಗೆ ಪಿಯುಸಿ, ಐಟಿಐ, ಡಿಪ್ಲೊಮಾ ದಾರಿಗಳು ತೆರೆದೇ ಇರುತ್ತವೆ. ತೊಡಕು ಬರುವುದು ಶಾಲೆ ಬದಲಿಸಿದಾಗ: 10ನೇ ತರಗತಿಗೆ ಹೋಗುವ ಶಾಲೆಯಲ್ಲಿ ಅದೇ ವೃತ್ತಿ ವಿಷಯ ಇಲ್ಲದಿದ್ದರೆ, ಒಂದು ವರ್ಷ ಬಿಟ್ಟ ತೃತೀಯ ಭಾಷೆಯನ್ನು ಮಗು ಮತ್ತೆ ಹಿಡಿಯಬೇಕಾಗುತ್ತದೆ. ವಲಸೆ ಹೋಗುವ ಕುಟುಂಬಗಳಿಗೆ, ವರ್ಗಾವಣೆಯಾಗುವ ನೌಕರರ ಮನೆಯವರಿಗೆ ಇದನ್ನು 9ನೇ ತರಗತಿಯ ದಾಖಲಾತಿಯಲ್ಲೇ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳಿ.

ಸ್ಪ್ಯಾನರ್_ಪೆಟ್ಟಿಗೆ

ಒಂದು ಸೇರ್ಪಡೆ. ಪ್ರಾಯೋಗಿಕ ಮೌಲ್ಯಮಾಪನಕ್ಕೆ ಹೊರಗಿನವರು ಬಂದಾಗ ಮಗು ಮಾಡಿದ ಕೆಲಸದ ದಾಖಲೆ ಕೇಳುತ್ತಾರೆ. ಪ್ರತಿ ಮಗುವಿಗೆ 100 ಪುಟದ ಒಂದು ನೋಟ್‌ಬುಕ್: ದಿನಾಂಕ, ಬಿಚ್ಚಿದ ಭಾಗ, ಬಳಸಿದ ಸ್ಪ್ಯಾನರ್ ಅಳತೆ, ಅಳೆದ ಸಂಖ್ಯೆ, ಮ್ಯಾನುಯಲ್‌ನಲ್ಲಿರುವ ಸಂಖ್ಯೆ. ಗ್ಯಾರೇಜ್ ಭೇಟಿ ಇಟ್ಟುಕೊಂಡರೆ ಅದು ನೋಡಿ ಬರೆದುಕೊಳ್ಳುವ ಭೇಟಿಯಾಗಿಯೇ ಇರಲಿ. 14 ತುಂಬದವರನ್ನು ಅಲ್ಲಿ ಕೆಲಸಕ್ಕೆ ನಿಲ್ಲಿಸುವುದು ಕಾನೂನುಬಾಹಿರ, 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಗ್ಯಾರೇಜ್ ಮಾಲೀಕರಿಗೆ ಕೊಡುವ ಪತ್ರದಲ್ಲೇ ಇದನ್ನು ಬರೆದು ಕೊಡಿ.